ಕೈಮದ್ದು

ಹೇಳಿದರೆ ಗುಣ ಹೋಗುತ್ತಂತೆ.
ಅದಕ್ಕೇ ಪಿಳ್ಳಮ್ಮ ಗೋಡೆಗೆ ಮುಖ ಮಾಡಿ ಅರೆಯುತ್ತಿದ್ದಳು.
ನಮಗೆ ಕಾಣುತ್ತಿದ್ದದ್ದು ಬರೀ ಬೆನ್ನು,
ಗುಂಡುಕಲ್ಲಿನ ಜೊತೆ ಹೋಗಿ ಬರುವ ಎರಡು ಮೊಣಕೈ.

ಶಿಡ್ಲಘಟ್ಟದಲ್ಲಿ ನಮ್ಮದು ಎಂಟು ಬೇಸಿನ್ನಿನ ಸಾಲು.
ಬೆಳಿಗ್ಗೆ ಆರಕ್ಕೆ ಗೂಡು ಬೇಯುತ್ತವೆ,
ಆರೂಕಾಲಿಗೆ ಬೆರಳು.
ಕೈಗವಸಿಗೆ ಸಿಗುವುದಿಲ್ಲ ಎಳೆಯ ತುದಿ,
ಕೂದಲಿಗಿಂತ ಸಣ್ಣದು,
ಬಿಸಿನೀರೊಳಗೆ ಬರಿಚರ್ಮವೇ ಹುಡುಕಬೇಕು.
ವಾರಕ್ಕೆ ಬೆರಳಸಂದು ಬೆಳ್ಳಗೆ ಊದುತ್ತೆ,
ಎರಡನೇ ವಾರಕ್ಕೆ ಬಿರಿಯುತ್ತೆ,
ಆಮೇಲೆ ಸಾರನ್ನ ಕಲಸುವುದಕ್ಕೂ ಧೈರ್ಯ ಬೇಕು.
ಡಾಕ್ಟರು ಟ್ಯೂಬು ಬರೆದುಕೊಟ್ಟರು, ಒಳ್ಳೆಯವರು.
‘ಹದಿನೈದು ದಿನ ನೀರು ಮುಟ್ಟಬೇಡಿ’ ಅಂದರು.
ನಕ್ಕು ಬಂದೆ.

ನಾನು ಗುಬ್ಬಿ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು.
ಪಿಳ್ಳಮ್ಮನ ಬಾಯಲ್ಲಿ ಊರೂ ನಾನೂ ಒಂದೇ:
‘ಏ ಗುಬ್ಬೀ, ಸೊಪ್ಪು ಬಿಡಿಸು.’
ಭಾನುವಾರ, ಅವಳ ಮನೆಯ ಅಡುಗೆಕೋಣೆ.
ಆ ಸೊಪ್ಪಿಗೆ ನಾನು ಗೋರಂಟಿ ಅಂದೆ,
ಅವಳು ಗೋರಿಂಟಾಕು,
ಪಕ್ಕದ ಬೇಸಿನ್ನಿನ ಮುಬೀನಾ ಮೆಹೆಂದಿ.
ಮದುವೆ ಮಾತ್ರ ಯಾರದ್ದೂ ಇರಲಿಲ್ಲ.

ಕೆಂಪಾದ ಕೈ ನೋಡಿ ನಮ್ಮತ್ತೆ
ಒಂದು ತಿಂಗಳು ನಾನು ಬಡಿಸಿದ್ದು ಉಣ್ಣಲಿಲ್ಲ.
ಮದ್ದು ಅಂದರೆ ಅವರಿಗೆ
ಅನ್ನದಲ್ಲಿ ಇಡುವುದು ಮಾತ್ರ ಗೊತ್ತು.

ಹೋದ ವರ್ಷ ಪಿಳ್ಳಮ್ಮನ ಮಣಿಕಟ್ಟು ಮುರಿಯಿತು.
ಕಲ್ಲು ನನ್ನ ಕಡೆ ಕಾಲಲ್ಲೇ ತಳ್ಳಿದಳು,
ಆಮೇಲೆ ಬಗ್ಗಿ, ಒಳ್ಳೆಯ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು.
ಗೋರಂಟಿ ಎಷ್ಟು?
‘ಎಷ್ಟಾದರೆ ಅಷ್ಟು.’
ಹಸಿ ಅರಿಶಿನ?
‘ನಿನ್ನ ಕಿರುಬೆರಳ ಮೊದಲ ಗೆಣ್ಣು. ನಂದಲ್ಲ, ನಿಂದು.’
ಲೋಳೆಸರ?
‘ಕಲ್ಲು ಜಾರೋಕೆ ಶುರುವಾದರೆ ನಿಲ್ಲಿಸು.’
ಹೊಂಗೆ ಎಣ್ಣೆಗೆ ಸುಮ್ಮನೆ ಮೂಗು ತೋರಿಸಿದಳು.

ಅರೆದೆ. ‘ಚಾಲು’ ಅಂದಳು.
ಚಾಲು ಮಾಡಿದೆ, ಇನ್ನೂ ಜೋರಾಗಿ.
‘ಚಾಲು, ಚಾಲು!’
ಸೆರಗು ಸಿಕ್ಕಿಸಿಕೊಂಡು ಮೈಯೆಲ್ಲ ಹಾಕಿ ಅರೆದೆ.
ನಮ್ಮ ಕಡೆ ಚಾಲು ಅಂದರೆ ಶುರು.
ಅವಳ ತೆಲುಗಿನಲ್ಲಿ ಸಾಕು.
ಮುಬೀನಾ ನಕ್ಕು ನಕ್ಕು
ಬಿಡಿಸಿದ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿದಳು.

ಅಷ್ಟರಲ್ಲಿ ಮುದ್ದೆ ಒಣಗಿ ಕಲ್ಲಿಗೆ ಕಚ್ಚಿಕೊಂಡಿತ್ತು.
‘ನೀರು?’ ಅಂದೆ.
ಪಿಳ್ಳಮ್ಮ ಬಾಗಿಲ ಕಡೆ ನೋಡಿದಳು.
ಮುಬೀನಾಳನ್ನು ಅಂಗಡಿಗೆ ಕಳಿಸಿದಳು, ಬೇಕಿಲ್ಲದ ಬೆಂಕಿಪೊಟ್ಟಣಕ್ಕೆ.
ಒಲೆಯ ಹಿಂದಿನಿಂದ ಬಟ್ಟೆ ಕಟ್ಟಿದ ತಂಬಿಗೆ ತರಿಸಿದಳು.

ಬಿಚ್ಚುವ ಮೊದಲೇ ಗೊತ್ತಾಯಿತು.
ಸೀಗೆಪುಡಿಗೂ ಬಿಡದ ವಾಸನೆ,
ಬಸ್ಸಿನಲ್ಲಿ ಪಕ್ಕದವರು ಜರುಗಿ ಕೂರುವ ವಾಸನೆ,
ಬೆಂದ ಹುಳದ್ದು.
ಶನಿವಾರದ ಬೇಸಿನ್ ನೀರು,
ಹಳೆ ಪಂಚೆಯಲ್ಲಿ ಮೂರು ಸಲ ಸೋಸಿದ್ದು,
ಗಂಜಿಯ ಹಾಗೆ ಬೆರಳಿಗೆ ಬೆರಳು ಅಂಟಿಸುವಂಥದ್ದು,
ಎಳೆ ಬಿಡುವಾಗ ಗೂಡು ಬಿಟ್ಟುಕೊಟ್ಟ ಅಂಟು.

‘ಹೇಳಿದರೆ ಗುಣ ಏನೂ ಹೋಗಲ್ಲ ಗುಬ್ಬೀ,
ಹೇಳಿದರೆ ಯಾರೂ ಹಚ್ಚಿಕೊಳ್ಳಲ್ಲ.’

ಸುರಿದೆ. ಅರೆದೆ.
ಅವಳ ಕೈಗೆ ಮೊದಲು ಹಚ್ಚಿದೆ, ಆಮೇಲೆ ನನ್ನದಕ್ಕೆ.
ವಾರವಿಡೀ ಸುಲಿದ ನೀರು
ತಣ್ಣಗಾಗಿ ಬಂದು
ಬಿರುಕಿನ ಮೇಲೆ ಚರ್ಮದ ಹಾಗೆ ಕೂತಿತು.
ರಾತ್ರಿ ಉರಿಯಲಿಲ್ಲ ಅಂತ ಹೇಳಲಾರೆ.
ನಿದ್ದೆ ಬಂತು.

ಈಗ ಕಲ್ಲು ನಮ್ಮನೆಯಲ್ಲಿದೆ.
ಗೋಡೆಗೆ ಮುಖ ಮಾಡಿ ಕೂರುವುದಿಲ್ಲ ನಾನು,
ಬೆಳಕು ಬೇಕು, ಬಾಗಿಲಲ್ಲೇ ಕೂರುತ್ತೇನೆ.
ಮೊನ್ನೆ ಸೋಮವಾರ ಕೆಲಸಕ್ಕೆ ಸೇರಿದ ಹುಡುಗಿ
ಎರಡು ಕೈಯನ್ನೂ ಸೆರಗಲ್ಲಿ ಮುಚ್ಚಿಕೊಂಡು ಬಂದಳು.
‘ಅಕ್ಕಾ, ಇದರಲ್ಲಿ ಏನೇನು?’
ಗೋರಂಟಿ ಹೇಳಿದೆ, ಅರಿಶಿನ ಹೇಳಿದೆ,
ಲೋಳೆಸರ, ಎಣ್ಣೆ.
‘ಇಷ್ಟೇನಾ?’
ಕಣ್ಣು ತಂಬಿಗೆಯ ಮೇಲೆ ಹೋಯಿತು, ನನ್ನದೂ, ಅವಳದೂ.

‘ಚಾಲು’ ಅಂದೆ.
ಅವಳು ಯಾವ ಕಡೆಯವಳು ಅಂತ ಇನ್ನೂ ಕೇಳಿರಲಿಲ್ಲ.