ಏಳನೇ ನಂಬರಿನ ಅಚ್ಚು

ಸ್ವಾನ್ಸಿಯ ಆಚೆ, ಹಳೇ ತಗಡಿನ ಕಾರ್ಖಾನೆಯ ಷೆಡ್ಡಿನಲ್ಲಿ
ನಾವು ರೆಕಾರ್ಡು ಒತ್ತುತ್ತಿದ್ದೆವು.
ಏಳನೇ ನಂಬರಿನ ಯಂತ್ರ ನನ್ನದು, ರಾತ್ರಿ ಪಾಳಿ.
ಕರಿ ಕಣಕದ ಉಂಡೆ, ಮೇಲೊಂದು ಚೀಟಿ, ಕೆಳಗೊಂದು ಚೀಟಿ,
ಬಾಯಿ ಮುಚ್ಚಿಸಿ ಇಪ್ಪತ್ತೆಂಟು ಎಣಿಸುವಷ್ಟರಲ್ಲಿ
ಹಾಡು ತಯಾರು.
ಕೇಳಲು ಪುರುಸೊತ್ತಿಲ್ಲ. ಅಂಚು ಕತ್ತರಿಸು, ಮುಂದಿನದು.

ಗ್ಲಾಸ್ ಕಾಲಿಯರ್ಸ್ ಎಂದರೆ ಆಗ ಊರಿಗೆ ಊರೇ ಹುಚ್ಚು.
ಒಂದು ಚಳಿಗಾಲವಿಡೀ ಅವರನ್ನೇ ಒತ್ತಿದೆ.
ನನ್ನ ಅಂಗೈ ಗೆರೆಗಿಂತ ಅವರ ಹೊದಿಕೆಯ ಚಿತ್ರ ಪರಿಚಿತ:
ಕಲ್ಲಿದ್ದಲ ಗುಡ್ಡೆ, ಐದು ಮಂದಿ.
ಬಲತುದಿಗೆ ನಿಂತವನ ಮುಖದ ಮೇಲೇ
ಅಂಗಡಿಯವರು ಬೆಲೆಚೀಟಿ ಅಂಟಿಸುವುದು.
ಅವನು ಎಮ್ರಿಸ್ ಪ್ರಾಸರ್. ಬಾಸ್ ಗಿಟಾರ್.
ಎಲೆಮರೆಯ ಕಾಯಿ ಎನ್ನುತ್ತಾರಲ್ಲ,
ಇವನು ಬೆಲೆಮರೆಯ ಕಾಯಿ.

ಒಂದು ಫೆಬ್ರವರಿ, ರಾತ್ರಿ ಹನ್ನೊಂದೂವರೆ,
ಹಿಂಬಾಗಿಲಲ್ಲಿ ನಿಂತಿದ್ದ, ಕಂಕುಳಲ್ಲಿ ದೊಡ್ಡ ಬಿಸ್ಕತ್ತಿನ ಡಬ್ಬಿ.
ಯಾವ ಹುಡುಗಿಯೂ ಕಿರುಚಲಿಲ್ಲ.
ಬಾಯ್ಲರ್ ರಿಪೇರಿಯವನೆಂದು ತಿಳಿದು ಮೆರಿಯೆಲ್
"ಆ ಕಡೆ" ಎಂದು ಕೈತೋರಿಸಿದಳು.
ಆ ಕಡೆಗೂ ಹೋಗಿಬಂದ, ಪಾಪ.

ಡಬ್ಬಿಯಲ್ಲಿ ಟವೆಲ್ಲು ಸುತ್ತಿದ ಎರಡು ಲೋಹದ ಅಚ್ಚು,
ಸ್ವಂತ ದುಡ್ಡಿನವು. ಅವನದೇ ಹಾಡು, ಹನ್ನೊಂದು.
ಗುಂಪಿನಲ್ಲಿ ಕೇಳಿಸಿದರೆ
"ಚೆನ್ನಾಗಿದೆ, ಮುಂದಿನ ಸಲ ನೋಡೋಣ" ಅಂದರಂತೆ,
ಆರು ಸಲ.
"ಇನ್ನೂರು ಪ್ರತಿ ಆಗುತ್ತದಾ?"
ಸಾವಿರಕ್ಕೆ ಕಡಿಮೆಯಾದರೆ ಯಂತ್ರ ಬಿಸಿ ಮಾಡುವುದಿಲ್ಲ,
ಫೋರ್‌ಮನ್ ಗಟ್ಟಿಯಾಗಿ ಅಂದ. ಆಮೇಲೆ ಮೆಲ್ಲಗೆ:
"ಮರುಪುಡಿ ಆದರೆ ನಡೆಯುತ್ತದಾ?"

ಮರುಪುಡಿ ಎಂದರೆ, ಬಿಕರಿಯಾಗದೆ ಮರಳಿದ್ದು, ಸೊಟ್ಟಗಾದದ್ದು,
ನಡುವಿನ ಚೀಟಿಯನ್ನು ಗುಂಡಗೆ ಕೊರೆದು ತೆಗೆದು
ಅರೆದು ಮತ್ತೆ ಕರಗಿಸುವುದು.
ಆ ವಾರ ಗೋಣಿತುಂಬ ಇದ್ದದ್ದು ಕಾಲಿಯರ್ಸರದೇ,
ಲೆಕ್ಕ ತಪ್ಪಿ ಹೆಚ್ಚು ಒತ್ತಿದ್ದು.
ಅವನಿಗೆ ಹೇಳಿದೆ. ನಕ್ಕ.
"ಅವರಿಲ್ಲದೆ ನನಗೆ ಬಿಡುಗಡೆಯಿಲ್ಲ ನೋಡಿ."

ಬೆಳಗಿನ ನಾಲ್ಕರವರೆಗೆ ಕೂತ, ಕೋಟು ಬಿಚ್ಚದೆ.
ಮೊದಲ ಪ್ರತಿ ಪರೀಕ್ಷೆಗೆ ಹಾಕಿದೆ.
ಆ ಷೆಡ್ಡಿನಲ್ಲಿ ಒಂದು ಹಾಡು ಪೂರ್ತಿ ಕೇಳಿದ್ದು ಅದೇ ಮೊದಲು:
ವೆಲ್ಷ್ ಭಾಷೆ, ನೆಗಡಿ ಹಿಡಿದಂಥ ದನಿ,
ಅಪ್ಪನ ಪಾರಿವಾಳಗಳನ್ನು ಸಂಜೆ ಹೆಸರು ಹಿಡಿದು ಕರೆಯುವುದು.
ಒಂದು ಪಾರಿವಾಳ ಬರಲಿಲ್ಲ.
ಅದಕ್ಕೆ ಕಾಯುವಷ್ಟು ಹೊತ್ತೂ
ಯೂಫೋನಿಯಂ ಒಂದೇ ಸ್ವರ ಹಿಡಿದುಕೊಂಡಿತ್ತು.
ನಡುವೆ, ಟಪ್.
ನಾಲಿಗೆ ಕಚ್ಚಿಕೊಂಡೆ. ಪುಡಿಯಲ್ಲಿ ಕಾಗದದ ಚೂರು ಉಳಿದಿದೆ,
ಅವರ ಚೀಟಿಯದು.
"ಇರಲಿ" ಅಂದ,
"ನಾನು ಮಾತಾಡುವಾಗ ಬಾಯಿ ಹಾಕುವುದು ಅವರಿಗೆ ರೂಢಿ."

ಅರುವತ್ತೊಂದು ಹೋದವು.
ಉಳಿದವು ಎರಡು ವರ್ಷ ಅವನ ತಂಗಿಯ ಗ್ಯಾರೇಜಿನಲ್ಲಿದ್ದು
ಮರಳಿ ನಮ್ಮಲ್ಲಿಗೇ.
ಚೀಟಿ ಕೊರೆದವಳು ನಾನೇ.
ಪ್ರಾಸರ್, ಪ್ರಾಸರ್, ಪ್ರಾಸರ್,
ಚಲಾವಣೆಯಿಲ್ಲದ ನಾಣ್ಯದಂತೆ ಬುಟ್ಟಿಗೆ ಬಿದ್ದವು.
ಎಲ್ಲವನ್ನೂ ಸರಿಯಾಗಿ ಕೊರೆದೆನೆಂದು
ಆಣೆ ಮಾಡಿ ಹೇಳಲಾರೆ.

ಆ ಕ್ರಿಸ್‌ಮಸ್ಸಿಗೆ ಕಾಲಿಯರ್ಸರ ಆಯ್ದ ಹಾಡುಗಳು.
ಎಣ್ಣೆಯ ಅಭಾವ, ಹೊಸ ವಿನೈಲ್ ಸಿಗದು,
ಇದ್ದಬದ್ದ ಗೋಣಿಯೆಲ್ಲ ಬರಿದು ಮಾಡಿದೆವು.
ಹೊದಿಕೆಯಲ್ಲಿ ಈಗ ನಾಲ್ವರೇ.
ಬೆಲೆಚೀಟಿ ಖಾಲಿ ಆಕಾಶದ ಮೇಲೆ.

ಅವನು ಶಾಲೆ ಮಕ್ಕಳಿಗೆ ಯೂಫೋನಿಯಂ ಕಲಿಸುತ್ತಾನೆ.
ಬಸ್ಸಿನಲ್ಲಿ ಸಿಕ್ಕರೆ ಮಾತು ಮೊಣಕಾಲ ನೋವಿನದು.
ನಾನು ಹೇಳಿಲ್ಲ.
ಆದರೆ ಯಾರ ಮನೆಯಲ್ಲಾದರೂ ಆ ರೆಕಾರ್ಡು ತಿರುಗಿದರೆ
ಚಹಾ ಆರಲು ಬಿಟ್ಟು ಕಾಯುತ್ತೇನೆ.
ಒಂದೊಂದು ಪ್ರತಿಯಲ್ಲಿ ಒಂದೊಂದು ಕಡೆ,
ಹೆಚ್ಚಾಗಿ ಗಿಟಾರು ಏರುವ ಮುಂಚಿನ ಮೌನದಲ್ಲಿ,
ಟಪ್.

ಮನೆಯವರು ಎದ್ದು ಹೋಗಿ
ಸೂಜಿಗೆ ಉಫ್ ಎಂದು ಊದುತ್ತಾರೆ.