ಹಸಿರು ಚೀಟಿ

ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಏಳು ಹಸಿರು ಚೀಟಿ.
ಶಾರ್ಜಾ ಪೊಲೀಸರು ಅರಬಿಯಲ್ಲಿ ಬರೆದುಕೊಟ್ಟದ್ದು:
ಗ್ರೆಗರಿ ಸಲ್ದಾನ, ತಪ್ಪಿಲ್ಲ.
ಹೀಗೆ ಮುದ್ರೆಯೊತ್ತಿ ಇನ್ಯಾರು ಹೇಳಿದ್ದಾರೆ ನನಗೆ?
ಇಗರ್ಜಿಯ ಕತ್ತಲಲ್ಲಿ ಮೊಣಕಾಲೂರಿದಾಗ ಪಾದ್ರಿ ಹೇಳಲಿಲ್ಲ,
ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಸೆವ್ರಿನ್ ಅಂತೂ
ಹೇಳುವ ಪೈಕಿಯೇ ಅಲ್ಲ.

ಮೊದಲನೆಯದು ನೀರಿನ ಟ್ಯಾಂಕರು.
ಇಂಡಸ್ಟ್ರಿಯಲ್ ಏರಿಯಾದ ಮರಳು ಮೈದಾನದಲ್ಲಿ
ನಿಂತೇ ಇತ್ತು ನನ್ನ ಸನ್ನಿ, ಬಿಳಿ, ಕಂತು ಮುಗಿಯದ್ದು.
ಒಳಗೆ ಕೂತು ಪರೋಟದ ಪೊಟ್ಟಣ ಬಿಚ್ಚುತ್ತಿದ್ದೆ.
ಬೀಪ್ ಬೀಪ್ ಎನ್ನುತ್ತ ಅದು ಹಿಂದೆ ಹಿಂದೆ ಬಂತು.
ಹಾರ್ನ್ ಒತ್ತಿದೆ, ಕೂಗಿದೆ, ಏಸುವನ್ನೂ ಕರೆದೆ.
ಬಾನೆಟ್ಟು ಮೆಲ್ಲಗೆ ಮಡಚಿಕೊಂಡಿತು
ಪದರ ಪದರ, ಕೈಯಲ್ಲಿದ್ದ ಪರೋಟದ ಹಾಗೆ.

ಆಮೇಲೆ ರೌಂಡಬೌಟಿನಲ್ಲಿ ಒಬ್ಬಳು ಕಾಲೇಜು ಹುಡುಗಿ,
ಅಪ್ಪನ ದೊಡ್ಡ ಗಾಡಿ, ಅಳುವೋ ಅಳು.
ಮುರಿದ ಬಾಗಿಲು ನನ್ನದು, ಸಮಾಧಾನ ಮಾಡಿದವನೂ ನಾನೇ,
ಅಂಗಡಿಗೆ ಓಡಿ ಲಬನ್ ತಂದು ಕೊಟ್ಟೆ.
ಆಮೇಲೆ ಬೆಳಿಗ್ಗೆ ಇಳಿದು ನೋಡಿದರೆ ಕನ್ನಡಿ ಇಲ್ಲ, ಯಾರೂ ಇಲ್ಲ.
ಚೀಟಿಯಲ್ಲಿ ಎದುರು ಪಕ್ಷದ ಹೆಸರು: ಗೊತ್ತಿಲ್ಲದವರು.
ಒಮ್ಮೆ ಬಿಸಿಗಾಳಿಗೆ ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯೇ ಓಡಿ ಬಂದು ಗುದ್ದಿತು.
ಅದಕ್ಕೆ ಚೀಟಿ ಸಿಗಲಿಲ್ಲ,
ಪೊಲೀಸ್ ನಕ್ಕು, ಅದಕ್ಕೆ ಲೈಸೆನ್ಸ್ ಇದೆಯಾ ಕೇಳು ಎಂದ.

ದಾರಿಯಲ್ಲಿ ಹೋಗುವ ಮಾರಿಯನ್ನು
ನಾನು ಒಂದು ದಿನವೂ ಮನೆಗೆ ಕರೆದವನಲ್ಲ.
ಅವಳಿಗೆ ನನ್ನ ನಂಬರ್ ಪ್ಲೇಟು ಬಾಯಿಪಾಠ.
ಸೆವ್ರಿನ್ ಕನ್ನಡಿಗೆ ತೇರ್ಸದ ಮಣಿ ತೂಗಿದಳು,
ಆಫೀಸಿನ ಜಯಕರ ಹೆಗ್ಡೆ ಬಂಪರಿನಡಿ ಲಿಂಬೆ ಕಟ್ಟಿದ,
ಪೇಂಟರ್ ಗುಲ್ ಜಮಾನ್ ಊದುಬತ್ತಿ ಹಚ್ಚಿದ,
ಹಚ್ಚುತ್ತ, ಹೇಗೂ ಮುಂದಿನ ತಿಂಗಳು ಬರುತ್ತೀಯಲ್ಲ ಎಂದ.
ಕಾರನ್ನೇ ಬದಲಿಸಿದೆ, ಬೂದು ಬಣ್ಣದ ಕೊರೊಲ್ಲಾ.
ಗುದ್ದುವವರು ಹೊಸ ವಿಳಾಸ ಕೇಳಿಕೊಂಡು ಬಂದರು.

ಐದನೆಯದನ್ನು ಹೇಳಬೇಕೋ ಬೇಡವೋ.
ಸಿಗ್ನಲ್ಲಿನಲ್ಲಿ ಹಿಂದಿನಿಂದ ಬಂದದ್ದು ಕೋಳಿ ವ್ಯಾನು,
ಸ್ಟಿಯರಿಂಗಿನಲ್ಲಿ ಶೊಹಾಗ್, ಸಿಲ್ಹೆಟ್ಟಿನ ಹುಡುಗ,
ಕೆಲಸಕ್ಕೆ ಸೇರಿ ಒಂಬತ್ತು ದಿನ.
ನನಗೆ ಹಸಿರು, ಅವನಿಗೆ ಕೆಂಪು.
ಕೆಂಪನ್ನು ಮಡಚಿದ, ಮತ್ತೆ ಮಡಚಿದ,
ಉಗುರಿನಷ್ಟಾಗುವ ತನಕ ಮಡಚಿ ಕಿಸೆಗಿಟ್ಟುಕೊಂಡ.
ಅದು ಎಷ್ಟು ತಿಂಗಳ ಸಂಬಳ ಎಂದು ನಾನು ಕೇಳಲಿಲ್ಲ.
ಕೇಳಬಹುದಿತ್ತು. ಅವನ ಮುರುಕು ಹಿಂದಿಯೂ
ನನ್ನದೂ ಒಂದೇ.
ಆ ರಾತ್ರಿ ಡಬ್ಬಿ ತೆರೆಯಲಿಲ್ಲ,
ಚೀಟಿ ವಾರಗಟ್ಟಲೆ ಫ್ರಿಜ್ಜಿನ ಮೇಲೆ ಬಿದ್ದಿತ್ತು.

ಈಗ ವೀಸಾ ಮುಗಿಯಿತು, ಕಾರು ಮಾರಬೇಕು.
ಕಣ್ಣೂರಿನ ವ್ಯಾಪಾರಿ ಬಂದ, ಬೆಂಕಿಪೆಟ್ಟಿಗೆಯಷ್ಟು ಯಂತ್ರ ತಂದ,
ವೈದ್ಯರು ಎದೆಗೆ ಒತ್ತುವಂತೆ
ಬಾಗಿಲಿಗೆ ಒತ್ತಿದ, ಡಿಕ್ಕಿಗೆ ಒತ್ತಿದ,
ಬಣ್ಣದ ಕೆಳಗಿನ ಬಣ್ಣವನ್ನೆಲ್ಲ ಎಣಿಸಿದ.
ನಾನು ಡಬ್ಬಿ ತೆರೆದು ಬಾನೆಟ್ಟಿನ ಮೇಲೆ ಚೀಟಿ ಹರಡಿದೆ,
ಹಾರದಂತೆ ಬೀಗದ ಕೈ ಇಟ್ಟು:
ನೋಡಿ, ಒಂದರಲ್ಲೂ ನನ್ನ ತಪ್ಪಿಲ್ಲ.
ಅವನು ಓದಿದ. ಪಾಪ, ಎಲ್ಲವನ್ನೂ ಓದಿದ.
ಚೇಟ್ಟಾ, ಎಂದ,
ಯಾರ ತಪ್ಪೆಂದು ತಗಡಿಗೆ ಗೊತ್ತಾಗುವುದಿಲ್ಲವಲ್ಲ.
ಮೂರು ಸಾವಿರ ದಿರ್ಹಮ್ ಇಳಿಸಿದ.

ಈಗ ಬಸ್ಸಿನಲ್ಲಿ ಮನೆಗೆ ಹೊರಟಿದ್ದೇನೆ,
ತೊಡೆಯ ಮೇಲೆ ಡಬ್ಬಿ, ಡಬ್ಬಿಯೊಳಗೆ ತೇರ್ಸದ ಮಣಿ.
ಖಾಲಿ ಇದ್ದದ್ದು ಕೊನೆಯ ಸೀಟೊಂದೇ.
ಚಾಲಕ ಬೇರೆಯವನು, ಬಸ್ಸು ಸರಕಾರದ್ದು,
ನನ್ನದೆನ್ನುವ ತಗಡು ಈ ಊರಲ್ಲಿ ಒಂದು ಚೂರೂ ಇಲ್ಲ.
ಆದರೂ ಹಿಂದೆ ಎಲ್ಲೋ ಯಾರೋ ಬ್ರೇಕ್ ಒತ್ತಿದ ಸದ್ದಿಗೆ
ಕುತ್ತಿಗೆ ತಾನಾಗಿ ಸೆಟೆದು
ಕಾಯುತ್ತದೆ.