ಹೊಂಗೆ ಎಲೆ, ಮೊದಲ ಅಚ್ಚು

ಬಿಸ್ಕತ್ತಿನ ಡಬ್ಬಿಯಲ್ಲಿ ಆರು ಉಳಿಗಳಿದ್ದವು,
ಈಗ ಐದು.
ಆರನೆಯದು ಯಾವಾಗಲೋ ಅಡಿಗೆಮನೆ ಸೇರಿ
ತೆಂಗಿನಕಾಯಿಯ ಕಣ್ಣು ಚುಚ್ಚಿಕೊಂಡಿತ್ತು.
ಅದನ್ನೂ ಕರೆತಂದೆ.
ಎಣ್ಣೆ ಸವರಿ ಸಾಣೆಗೆ ಹಿಡಿದರೆ
ತುಕ್ಕಿನಡಿ ಒಂದೇ ಒಂದು ಗೆರೆ
ಮೀನಿನ ಹೊಟ್ಟೆಯಷ್ಟು ಬೆಳ್ಳಗೆ.

ಸಯ್ಯಾಜಿರಾವ್ ರಸ್ತೆಯ ಅಂಗಡಿ ಹುಡುಗ
ಲೈನೋ ಹಾಳೆ ಸುತ್ತಿಕೊಡುತ್ತಾ ಕೇಳಿದ,
‘ಮೊಮ್ಮಗಳ ಪ್ರಾಜೆಕ್ಟಿಗಾ ಅಜ್ಜಿ?’
ಹೂಂ ಅಂದುಬಿಟ್ಟೆ.
ನನಗೆ ಮೊಮ್ಮಗಳಿಲ್ಲ.
ಬಸ್ಸು ಹೊರಟ ಮೇಲೆ ನಾಚಿಕೆಯಾಯಿತು,
ಸುಳ್ಳಿಗಲ್ಲ,
‘ನನಗೇ’ ಅನ್ನಲು ಬಾಯಿ ಬರದ್ದಕ್ಕೆ.

ಹಾಳೆ ಮೆತ್ತಗಾಗಲೆಂದು ತಾರಸಿಯ ಬಿಸಿಲಿಗಿಟ್ಟೆ.
ಎದುರುಮನೆ ಪುಟ್ಟತಾಯಮ್ಮ ಸಂಡಿಗೆ ಅಂದುಕೊಂಡರು.
ಕಾಗೆಯೂ ಹಾಗೇ ಅಂದುಕೊಂಡು
ಒಮ್ಮೆ ಕುಕ್ಕಿ ನೋಡಿತು.
ನನಗಿಂತ ಮೊದಲು ಕೊರೆದದ್ದು ಅದೇ.

ಲಿಂಗಾಂಬುಧಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಆರಕ್ಕೆ
ಎಲ್ಲರೂ ಹೆಜ್ಜೆ ಎಣಿಸುತ್ತಾ ನಡೆಯುತ್ತಾರೆ.
ನಾನು ಹೊಂಗೆಮರದ ಕೆಳಗೆ ನಿಂತುಬಿಡುತ್ತೇನೆ.
ಒಂದೆಲೆಯ ಮೇಲೆ ಬಿಳಿಯ ಡೊಂಕು ಗೆರೆ:
ಕಣ್ಣಿಗೆ ಕಾಣದ ಹುಳವೊಂದು
ಎಲೆಯ ಎರಡು ಪದರದ ನಡುವೆ ಮಲಗಿ
ಉಣ್ಣುತ್ತಾ ಉಣ್ಣುತ್ತಾ ಕೊರೆದ ದಾರಿ.
ಮೊದಲು ದಾರದೆಳೆ, ಬರಬರುತ್ತಾ ಅಗಲ
(ಹುಳಕ್ಕೆ ಮೈ ಬಂತು ನೋಡಿ),
ಕೊನೆಗೊಂದು ತೂತು,
ಆಮೇಲೆ ರೆಕ್ಕೆ ಇರಬೇಕು.

ಜವರಪ್ಪ ಮೇಷ್ಟ್ರು ಹೇಳುತ್ತಿದ್ದರು,
‘ತೆಗೆದದ್ದು ಬಿಳಿ, ಬಿಟ್ಟದ್ದು ಕಪ್ಪು.
ತೆಗೆಯೋದು ಯಾರಿಗಾದರೂ ಬರುತ್ತೆ,
ಬಿಡೋದನ್ನ ಕಲಿಯಮ್ಮ.’
ಕಲಿತೆ.
ಇಪ್ಪತ್ತೆರಡಕ್ಕೆ ಅದನ್ನೇ ಬಿಟ್ಟೆ.

ಆಮೇಲೆ ಪಾಂಡವಪುರದ ಅಂಚೆ ಕಚೇರಿ.
ಮೂವತ್ತೇಳು ವರ್ಷ ನಾನು ತೆಗೆದ ಅಚ್ಚು ಒಂದೇ,
ದುಂಡು ಮೊಹರು. ಧಡ್, ಧಡ್.
ಸಕ್ಕರೆ ಕಾರ್ಖಾನೆಯ ಕಾಗದ, ಕೋರ್ಟಿನ ನೋಟೀಸು,
ಮಿಲಿಟರಿಯಿಂದ ಒಬ್ಬ ತಂಗಿಗೆ ಬರೆದ ಇನ್‌ಲ್ಯಾಂಡು,
ಎಲ್ಲದರ ನೆತ್ತಿಗೂ ಅದೇ.

ಇವತ್ತು ಎಲೆ ಕೊರೆದೆ.
ಕೈ ನಡುಗಿತು.
ನಡುಗಿದಲ್ಲೆಲ್ಲ ಹುಳದ ದಾರಿ ಹುಳದ್ದೇ ಆಯಿತು.
ಮೂಲೆಯಲ್ಲಿ ತಾರೀಖು ಬೇಕು, ತಿರುಗುಮುರುಗಾಗಿ.
ಕನ್ನಡಿ ತರಲೆಂದು ಎದ್ದವಳು ಹಾಗೇ ಕೂತೆ,
ಉಳಿ ಆಗಲೇ ಅಂಕಿ ಬಿಡಿಸುತ್ತಿತ್ತು.
ದಿನಾ ಬೆಳಿಗ್ಗೆ ಚಿಮಟ ಹಿಡಿದು
ಮೊಹರಿನ ಹೊಟ್ಟೆಯೊಳಗೆ ತಾರೀಖು ಬದಲಿಸುತ್ತಾ
ಎಡಬಲ ಅದಲುಬದಲಾದ ಆರು, ಒಂಬತ್ತನ್ನು
ತಪ್ಪದೆ ಓದುತ್ತಿದ್ದ ಕಣ್ಣು
ನನಗೂ ಹೇಳದೆ ಅಭ್ಯಾಸ ಮಾಡಿಕೊಂಡಿತ್ತು.

ಶಾಯಿ ಬಳಿದು, ಕಾಗದ ಹಾಸಿ,
ಅನ್ನದ ಸೌಟಿನ ಬೆನ್ನಿಂದ ಉಜ್ಜಿ
ಮೆಲ್ಲಗೆ ಮೂಲೆ ಎತ್ತಿದೆ.
ಎಡಕ್ಕೆ ಹೋದ ಹುಳ ಬಲಕ್ಕೆ ಬಂದಿತ್ತು.
ತೊಟ್ಟಿನ ಹತ್ತಿರ ಶಾಯಿ ಜಾಸ್ತಿ.
ಕಾಗೆಯ ಚುಕ್ಕಿ ಸ್ಪಷ್ಟ.

ಪುಟ್ಟತಾಯಮ್ಮ ಕನ್ನಡಕ ಏರಿಸಿ ನೋಡಿದರು.
‘ಇದೇನ್ರೀ, ಎಲೆಗೆ ಹುಳ ಹಿಡಿದಿದೆಯಲ್ಲ!’
‘ಹೂಂ’ ಅಂದೆ,
‘ಹಿಡಿದಿದೆ.’